ಕ್ಯಾಪ್ ಹಾಕಿಸಿದರೆ ಮುಗಿಯಿತೇ?

ನಮ್ಮ ನೆರೆಮನೆಯ ತಾಯಿಯೊಬ್ಬರು ನಾಲ್ಕು ವರ್ಷಗಳ ಹಿಂದೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ, ಮೇಲೆ ಕ್ಯಾಪ್ ಹಾಕಿಸಿಕೊಂಡಿದ್ದರು. ಕಳೆದ ರಮಝಾನಿನ ಒಂದು ಸಂಜೆ ಬಾಂಗ್ ಕೇಳಿ ಖರ್ಜೂರ ಬಾಯಿಗಿಟ್ಟು ಕಚ್ಚಿದರು. ಖರ್ಜೂರದ ಜೊತೆಗೆ ಕ್ಯಾಪ್ ಕೂಡ ಕಿತ್ತು ಬಂತು. ಕ್ಯಾಪ್‌ಗೆ ಏನೂ ಆಗಿರಲಿಲ್ಲ, ಹಾಕಿಸಿದ ದಿನದಂತೆಯೇ ಹೊಳೆಯುತ್ತಿತ್ತು. ಆದರೆ ಅದರೊಳಗಿದ್ದ ಹಲ್ಲು ಕಪ್ಪಾಗಿ, ಮೆತ್ತಗಾಗಿ, ಕೊಳೆತ ಮರದ ಬುಡದಂತಾಗಿತ್ತು. ಮರುದಿನ ದಂತವೈದ್ಯೆ ನೋಡಿ, ಕ್ಯಾಪನ್ನು ಮತ್ತೆ ಕೂರಿಸಲು ಹಲ್ಲೇ ಉಳಿದಿಲ್ಲ, ಬೇರನ್ನು ತೆಗೆಯಬೇಕು ಎಂದರು.

"ಒಂದು ದಿನವೂ ನೋವಿರಲಿಲ್ಲವಲ್ಲ ಡಾಕ್ಟ್ರೇ? ಕ್ಯಾಪ್ ಹಾಕಿದ ಹಲ್ಲಿಗೆ ಹುಳ ಹಿಡಿಯುವುದಿಲ್ಲ ಅಂತ ನಾನು ಆ ಕಡೆ ಬ್ರಷ್ ಮಾಡುವುದನ್ನೇ ಬಿಟ್ಟಿದ್ದೆ" ಎಂದು ಅವರು ಮರುಗಿದರು.

ಇದು ಅವರೊಬ್ಬರ ತಪ್ಪು ತಿಳಿವಳಿಕೆಯಲ್ಲ. ಸಾವಿರಾರು ರೂಪಾಯಿ ಖರ್ಚು ಮಾಡಿ, ನಾಲ್ಕೈದು ಸಲ ಕ್ಲಿನಿಕ್‌ಗೆ ಅಲೆದು ಕ್ಯಾಪ್ ಹಾಕಿಸಿಕೊಂಡ ಮೇಲೆ "ಇನ್ನು ಈ ಹಲ್ಲಿನ ಚಿಂತೆ ಇಲ್ಲ" ಎಂದು ನಿಟ್ಟುಸಿರು ಬಿಡುವವರು ಪ್ರತಿ ಮನೆಯಲ್ಲೂ ಇದ್ದಾರೆ. ನಿಜವಾಗಿ ಆ ಹಲ್ಲಿನ ಆರೈಕೆ ಅಂದಿನಿಂದಲೇ ಶುರುವಾಗಬೇಕು.

ಕ್ಯಾಪ್ ಹಾಳಾಗದು, ಹಲ್ಲು ಹಾಳಾಗುತ್ತದೆ

ಕ್ಯಾಪ್ ಹಾಕುವಾಗ ವೈದ್ಯರು ಹಲ್ಲನ್ನು ಸುತ್ತಲೂ ಮತ್ತು ಮೇಲ್ಭಾಗದಲ್ಲಿ ಅರೆದು ಸಣ್ಣದಾಗಿಸುತ್ತಾರೆ. ಅದರ ಅಚ್ಚು ತೆಗೆದು ಲ್ಯಾಬ್‌ಗೆ ಕಳುಹಿಸುತ್ತಾರೆ. ಅಲ್ಲಿ ಲೋಹ, ಪಿಂಗಾಣಿ ಅಥವಾ ಝಿರ್ಕೋನಿಯಾದಿಂದ ತಯಾರಾದ ಟೊಪ್ಪಿಯನ್ನು ಅರೆದ ಹಲ್ಲಿನ ಮೇಲೆ ಸಿಮೆಂಟ್‌ನಿಂದ ಅಂಟಿಸುತ್ತಾರೆ. ಈ ಟೊಪ್ಪಿ ವಸಡಿನ ಹತ್ತಿರದವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಇರುವುದು ನಿಮ್ಮದೇ ಸಹಜ ಹಲ್ಲು.

ಟೊಪ್ಪಿ ಮುಗಿದು ಹಲ್ಲು ಆರಂಭವಾಗುವ ಆ ಅಂಚಿನಲ್ಲಿ ಕೂದಲೆಳೆಯಂಥ ಒಂದು ಜೋಡಣೆ ಇರುತ್ತದೆ. ಆಹಾರದ ಅಂಶ ಮತ್ತು ಬ್ಯಾಕ್ಟೀರಿಯಾ ಸೇರಿದ ಅಂಟಾದ ಪದರ ಅಲ್ಲಿ ಸುಲಭವಾಗಿ ಕೂರುತ್ತದೆ. ದಿನವೂ ಅದನ್ನು ತೆಗೆಯದಿದ್ದರೆ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸಿ ಹಲ್ಲನ್ನು ಕರಗಿಸತೊಡಗುತ್ತವೆ. ಪಿಂಗಾಣಿಗೆ ಹುಳುಕು ಹಿಡಿಯದು, ಆದರೆ ಅದರ ಬುಡದ ಹಲ್ಲಿಗೆ ಹಿಡಿಯುತ್ತದೆ. ಹುಳುಕು ಅಂಚಿನಿಂದ ಒಳಗೆ ನುಸುಳಿದರೆ ಟೊಪ್ಪಿಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ಹಾಗಾದರೆ ನೋವು ಯಾಕೆ ಬರುವುದಿಲ್ಲ? ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಒಳಗಿನ ನರವನ್ನು ತೆಗೆದಿರುತ್ತಾರೆ. ಸಾಧಾರಣ ಹಲ್ಲಿಗೆ ಹುಳುಕು ಆಳಕ್ಕಿಳಿದಾಗ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ರಾತ್ರಿ ನೋವಾಗುತ್ತದೆ, ನಾವು ವೈದ್ಯರ ಬಳಿಗೆ ಓಡುತ್ತೇವೆ. ನರವಿಲ್ಲದ ಹಲ್ಲಿಗೆ ಆ ಎಚ್ಚರಿಕೆಯ ಗಂಟೆ ಇಲ್ಲ. ಹುಳುಕು ಇಡೀ ಹಲ್ಲನ್ನು ತಿಂದು ಮುಗಿಸುವವರೆಗೂ ಅದು ಸುಮ್ಮನಿರಬಹುದು. ಆದ್ದರಿಂದ ಕ್ಯಾಪ್ ಹಾಕಿಸಿದ ಹಲ್ಲಿನ ವಿಷಯದಲ್ಲಿ "ನೋವಿಲ್ಲ, ಹಾಗಾಗಿ ಸರಿಯಿದೆ" ಎಂಬ ಲೆಕ್ಕ ನಡೆಯುವುದಿಲ್ಲ.

ಝಿರ್ಕೋನಿಯಾ ಕ್ಯಾಪ್‌ಗಳ ಜೊತೆಗೆ ಇಷ್ಟು ವರ್ಷದ ಗ್ಯಾರಂಟಿ ಎಂಬ ಕಾರ್ಡ್ ಕೊಡುವುದುಂಟು. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ಆ ಗ್ಯಾರಂಟಿ ಇರುವುದು ಟೊಪ್ಪಿಗೆ, ಅದರೊಳಗಿನ ಹಲ್ಲಿಗಲ್ಲ. ಹಲ್ಲಿನ ಹೊಣೆ ನಿಮ್ಮದೇ.

ಮೊದಲ ಕೆಲವು ದಿನಗಳು

ಹಲ್ಲು ಅರೆಯುವಾಗ ಇಂಜೆಕ್ಷನ್ ಕೊಟ್ಟಿದ್ದರೆ ತುಟಿ, ಕೆನ್ನೆ, ನಾಲಗೆ 2ರಿಂದ 4 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಜೋಮು ಹಿಡಿದಿರುತ್ತವೆ. ಅದು ಪೂರ್ತಿ ಇಳಿಯುವವರೆಗೆ ಏನನ್ನೂ ಜಗಿಯಬೇಡಿ, ಬಿಸಿ ಚಹಾ ಕುಡಿಯಬೇಡಿ. ಗೊತ್ತಾಗದೆ ಕೆನ್ನೆ ಕಚ್ಚಿಕೊಂಡು ಹುಣ್ಣಾಗುವುದು, ನಾಲಗೆ ಸುಟ್ಟುಕೊಳ್ಳುವುದು ಸಾಮಾನ್ಯ. ಮಕ್ಕಳಿದ್ದರೆ ಹೆಚ್ಚಿನ ನಿಗಾ ಬೇಕು.

ಲ್ಯಾಬ್‌ನಿಂದ ಕ್ಯಾಪ್ ಬರುವವರೆಗೆ ಕೆಲವರಿಗೆ ತಾತ್ಕಾಲಿಕ ಕ್ಯಾಪ್ ಹಾಕುತ್ತಾರೆ. ಅದನ್ನು ಆಮೇಲೆ ಸುಲಭವಾಗಿ ತೆಗೆಯಬೇಕಾದ್ದರಿಂದ ಹಗುರವಾದ ಸಿಮೆಂಟ್‌ನಿಂದ ಅಂಟಿಸಿರುತ್ತಾರೆ. ಹಲ್ವ, ಚಿಕ್ಕಿ, ಚ್ಯೂಯಿಂಗ್ ಗಮ್, ಚಾಕಲೇಟು, ಒಣ ಖರ್ಜೂರದಂಥ ಅಂಟುವ ತಿನಿಸುಗಳಿಂದ ದೂರವಿರಿ. ಇನ್ನೊಂದು ಬದಿಯಲ್ಲಿ ಜಗಿಯಿರಿ. ತಾತ್ಕಾಲಿಕ ಕ್ಯಾಪ್ ಬಿದ್ದುಹೋದರೆ "ಹೇಗೂ ಹೊಸತು ಬರುತ್ತದಲ್ಲ" ಎಂದು ಸುಮ್ಮನಿರಬೇಡಿ. ಖಾಲಿ ಜಾಗ ಸಿಕ್ಕರೆ ಅಕ್ಕಪಕ್ಕದ ಹಲ್ಲುಗಳು ನಿಧಾನವಾಗಿ ಜರುಗುತ್ತವೆ. ಆಗ ಅಳತೆಗೆ ಮಾಡಿಸಿದ ಕ್ಯಾಪ್ ಕೂರುವುದಿಲ್ಲ.

ಕಾಯಂ ಕ್ಯಾಪ್ ಅಂಟಿಸಿದ ಮೇಲೆ ಮೊದಲ 24 ಗಂಟೆ ಗಟ್ಟಿ ಮತ್ತು ಅಂಟು ಪದಾರ್ಥಗಳನ್ನು ಬಿಟ್ಟುಬಿಡಿ. ಅಂದು ರಾತ್ರಿಯೂ ಬ್ರಷ್ ಮಾಡಬಹುದು. ನರವಿರುವ ಹಲ್ಲಾದರೆ ಕೆಲವು ದಿನ ತಣ್ಣಗಿನದು, ಬಿಸಿಯಾದದ್ದು ತಾಗಿದಾಗ ಸ್ವಲ್ಪ ಜುಮ್ಮೆನ್ನಬಹುದು, ವಸಡು ಸ್ವಲ್ಪ ನೋಯಬಹುದು. ಇದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚುತ್ತಾ ಹೋದರೆ ವೈದ್ಯರಿಗೆ ತೋರಿಸಿ.

ಇಲ್ಲಿ ಹೆಚ್ಚಿನವರು ಎಡವುವ ಒಂದು ವಿಷಯವಿದೆ. ಬಾಯಿ ಮುಚ್ಚಿದಾಗ ಉಳಿದ ಹಲ್ಲುಗಳಿಗಿಂತ ಮೊದಲು ಕ್ಯಾಪ್ ತಾಗಿದಂತೆ, ಅಲ್ಲೊಂದು ಕಲ್ಲು ಸಿಕ್ಕಿಕೊಂಡಂತೆ ಅನಿಸಿದರೆ ಅದು ಎತ್ತರವಾಗಿದೆ ಎಂದರ್ಥ. "ಹೊಸತಲ್ಲವೇ, ಅಭ್ಯಾಸವಾಗುತ್ತದೆ" ಎಂದು ಮನೆಯಲ್ಲಿ ಹಿರಿಯರು ಹೇಳುವುದುಂಟು. ತುಂಬಾ ಸಣ್ಣ ವ್ಯತ್ಯಾಸ ಒಂದೆರಡು ದಿನಗಳಲ್ಲಿ ಹೊಂದಿಕೊಳ್ಳಬಹುದು. ಆದರೆ ನಿಜವಾಗಿಯೂ ಎತ್ತರವಿದ್ದರೆ ಜಗಿಯುವ ಭಾರವೆಲ್ಲ ಆ ಒಂದು ಹಲ್ಲಿನ ಮೇಲೆ ಬಿದ್ದು ಬೇರಿನ ಸುತ್ತ ನೋವು, ದವಡೆಯ ಕೀಲಿನಲ್ಲಿ ನೋವು, ಕೊನೆಗೆ ಕ್ಯಾಪ್ ಅಥವಾ ಹಲ್ಲು ಬಿರಿಯುವುದು ಇವೆಲ್ಲ ಆಗಬಹುದು. ಇದನ್ನು ಸರಿಪಡಿಸುವುದು ವೈದ್ಯರಿಗೆ ಕೆಲವೇ ನಿಮಿಷಗಳ ಕೆಲಸ. ಸಂಕೋಚಪಡದೆ ಮತ್ತೆ ಹೋಗಿ.

ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಊರಿಗೆ ಬರುವ ನಮ್ಮ ಸಹೋದರರು ಇದನ್ನು ವಿಶೇಷವಾಗಿ ಗಮನಿಸಬೇಕು. ಮದುವೆ, ನೆಂಟರ ಮನೆ, ಮನೆಗೆಲಸ ಎಂದು ದಿನ ಕಳೆದು, ಕೊನೆಯ ವಾರದಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗಿ, ಕ್ಯಾಪ್ ಅಂಟಿಸಿದ ಮರುದಿನವೇ ವಿಮಾನ ಹತ್ತುವವರು ಅನೇಕರಿದ್ದಾರೆ. ಅಲ್ಲಿ ತಲಪಿದ ಮೇಲೆ ನೋವು ಬಂದರೆ ತೋರಿಸಲು ದುಬಾರಿ, ರಜೆಯೂ ಸಿಗದು. ಊರಿಗೆ ಬಂದ ಮೊದಲ ವಾರದಲ್ಲೇ ಕೆಲಸ ಆರಂಭಿಸಿದರೆ ಕ್ಯಾಪ್ ಕೂರಿಸಿದ ನಂತರ ಒಂದೆರಡು ವಾರ ಜಗಿದು ನೋಡಿ, ಬೇಕಿದ್ದರೆ ಸರಿಪಡಿಸಿಕೊಂಡು ಹೋಗಬಹುದು. ಹಲ್ಲಿನ ಎಕ್ಸ್‌ರೇ ಮತ್ತು ಚಿಕಿತ್ಸೆಯ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

ದಿನನಿತ್ಯದ ಶುಚಿತ್ವ

ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ಎರಡು ನಿಮಿಷ, ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಬ್ರಷ್ಷಿನ ಎಳೆಗಳನ್ನು ವಸಡಿನ ಕಡೆಗೆ ಸ್ವಲ್ಪ ಓರೆಯಾಗಿ ಹಿಡಿದು, ಕ್ಯಾಪ್ ಮತ್ತು ವಸಡು ಸೇರುವ ಜಾಗದಲ್ಲಿ ಮೆಲ್ಲಗೆ ಆಡಿಸಿ. ಕ್ಯಾಪಿನ ಮೇಲ್ಭಾಗ ಎಷ್ಟು ಹೊಳೆದರೂ ಲಾಭವಿಲ್ಲ, ಬುಡ ಶುದ್ಧವಾಗಬೇಕು. ರಾತ್ರಿಯ ಬ್ರಷ್ ಯಾವತ್ತೂ ತಪ್ಪಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗಿರುವ ಸಹಜ ರಕ್ಷಣೆಯೂ ಕಡಿಮೆಯಾಗುತ್ತದೆ.

ಎರಡು ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ. ಕ್ಯಾಪಿನ ಅಂಚು ಅಲ್ಲಿಯೂ ಇದೆ, ಮತ್ತು ಹುಳುಕು ಅಲ್ಲೇ ಹೆಚ್ಚಾಗಿ ಆರಂಭವಾಗುತ್ತದೆ. ದಿನಕ್ಕೊಮ್ಮೆ ಹಲ್ಲಿನ ಫ್ಲಾಸ್ ದಾರವನ್ನು ಅಥವಾ ಸಂದಿಗೆ ಹಾಕುವ ಪುಟ್ಟ ಬ್ರಷ್ಷನ್ನು ಬಳಸಿ. ಎರಡೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಎರಡು ಮೂರು ಹಲ್ಲು ಸೇರಿಸಿ ಬ್ರಿಜ್ ಹಾಕಿಸಿದ್ದರೆ ದಾರ ಮೇಲಿನಿಂದ ಇಳಿಯುವುದಿಲ್ಲ. ಅದರ ಅಡಿಯಿಂದ ದಾರವನ್ನು ಹೇಗೆ ತೂರಿಸಬೇಕೆಂದು ವೈದ್ಯರಿಂದಲೇ ಕಲಿತುಕೊಳ್ಳಿ. ಸೂಜಿ, ಪಿನ್ನು, ಬೆಂಕಿಕಡ್ಡಿಯಿಂದ ಚುಚ್ಚುವುದು ವಸಡಿಗೆ ಗಾಯ ಮಾಡುತ್ತದೆಯೇ ಹೊರತು ಶುಚಿ ಮಾಡುವುದಿಲ್ಲ.

ಇದ್ದಿಲಪುಡಿ, ಒರಟು ಹಲ್ಲುಪುಡಿ, ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಒರಟು ಪುಡಿಗಳು ಬುಡದ ಸಹಜ ಹಲ್ಲನ್ನು ಸವೆಸುತ್ತವೆ. ತಂಬಾಕಿನಿಂದ ವಸಡು ಕೆಡುತ್ತದೆ, ಬಾಯಿಯ ಕ್ಯಾನ್ಸರಿನ ಅಪಾಯವೂ ಇದೆ.

ಮಿಸ್ವಾಕ್ ಮತ್ತು ಬ್ರಷ್

ತನ್ನ ಸಮುದಾಯಕ್ಕೆ ಕಷ್ಟವಾಗದಿರುತ್ತಿದ್ದರೆ ಪ್ರತಿ ನಮಾಝ್‌ನ ವೇಳೆಯೂ ಮಿಸ್ವಾಕ್ ಮಾಡುವಂತೆ ಆದೇಶಿಸುತ್ತಿದ್ದೆ ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಹೇಳಿರುವುದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಬಾಯಿಯ ಶುಚಿತ್ವಕ್ಕೆ ಇಷ್ಟು ಮಹತ್ವ ಕೊಟ್ಟ ಸಮುದಾಯ ನಮ್ಮದು. ಕ್ಯಾಪ್ ಇದ್ದವರೂ ಮಿಸ್ವಾಕ್ ಬಳಸಬಹುದು. ಬಳಸುವ ಕ್ರಮ ಸರಿಯಾಗಿರಬೇಕು, ಅಷ್ಟೆ.

ಒಣಗಿ ಗಟ್ಟಿಯಾದ ಕಡ್ಡಿಯನ್ನು ಹಾಗೆಯೇ ಉಜ್ಜಬೇಡಿ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ತುದಿಯನ್ನು ಬ್ರಷ್ಷಿನಂತೆ ಮೃದುವಾಗುವವರೆಗೆ ಜಗಿಯಿರಿ. ಜಗಿಯಲು ಕ್ಯಾಪ್ ಇಲ್ಲದ ಬದಿಯನ್ನು ಬಳಸಿ. ವಸಡಿನಿಂದ ಹಲ್ಲಿನ ಕಡೆಗೆ ಮೆಲ್ಲಗೆ ಉಜ್ಜಿ, ಗರಗಸದಂತೆ ಅಡ್ಡಡ್ಡ ಎಳೆಯಬೇಡಿ. ಸವೆದ ತುದಿಯನ್ನು ಆಗಾಗ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಒಬ್ಬರ ಮಿಸ್ವಾಕನ್ನು ಇನ್ನೊಬ್ಬರು ಬಳಸದಿರುವುದು ಒಳ್ಳೆಯದು. ಕೊನೆಯ ದವಡೆ ಹಲ್ಲಿನ ಹಿಂಬದಿಗೂ ಹಲ್ಲುಗಳ ಸಂದಿಗೂ ಮಿಸ್ವಾಕ್ ಸರಿಯಾಗಿ ತಲಪುವುದಿಲ್ಲ. ಕ್ಯಾಪ್ ಹೆಚ್ಚಾಗಿ ಇರುವುದು ಆ ದವಡೆ ಹಲ್ಲುಗಳಿಗೇ. ಆದ್ದರಿಂದ ಮಿಸ್ವಾಕ್ ಇರಲಿ, ಅದರ ಜೊತೆಗೆ ಬ್ರಷ್ ಮತ್ತು ದಾರವೂ ಇರಲಿ.

ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದನ್ನು ಅವಸರದಲ್ಲಿ ಮುಗಿಸದೆ, ಉಪವಾಸವಿಲ್ಲದ ದಿನಗಳಲ್ಲಿ ನೀರನ್ನು ಎರಡೂ ಕೆನ್ನೆಗಳಲ್ಲಿ ಚೆನ್ನಾಗಿ ಆಡಿಸಿ ಉಗುಳಿದರೆ ಊಟದ ನಂತರ ಉಳಿದ ಕಣಗಳು ಹೋಗುತ್ತವೆ. ದಿನಕ್ಕೆ ಐದು ಬಾರಿ ಸಿಗುವ ಅವಕಾಶವಿದು.

ಕೆಲವರಿಗೆ ಇನ್ನೊಂದು ಸಂಶಯವಿರುತ್ತದೆ: ಕ್ಯಾಪ್‌ನ ಅಡಿಗೆ ನೀರು ತಲಪದಿದ್ದರೆ ಸ್ನಾನ ಸಿಂಧುವಾಗುತ್ತದೆಯೇ? ಶಾಫಿಈ ಮದ್ಹಬ್‌ನಲ್ಲಿ ಕಡ್ಡಾಯ ಸ್ನಾನದಲ್ಲಿ ಬಾಯಿ ಮುಕ್ಕಳಿಸುವುದು ಸುನ್ನತ್. ಹನಫಿ ಮದ್ಹಬ್‌ನಲ್ಲಿ ಅದು ಫರ್ಝ್. ಆದರೆ ತೆಗೆಯಲಾಗದಂತೆ ಅಂಟಿಸಿದ ಕ್ಯಾಪ್ ಹಲ್ಲಿನ ಭಾಗದಂತೆಯೇ, ಅದರ ಮೇಲೆ ನೀರು ಹರಿದರೆ ಸಾಕು ಎಂದು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ತೆಗೆದು ಹಾಕುವ ಹಲ್ಲುಸೆಟ್ಟಿನ ವಿಷಯ ಬೇರೆ. ಚಿನ್ನದ ಕ್ಯಾಪ್ ಬಗ್ಗೆಯೂ ಪುರುಷರು ಕೇಳುವುದುಂಟು. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ)ರಿಗೆ ಬೆಳ್ಳಿಯ ಮೂಗು ವಾಸನೆ ಬರತೊಡಗಿದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ)ರು ಹೇಳಿದ ಘಟನೆಯನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಅದು ಅಗತ್ಯದ ಸಂದರ್ಭ. ಇಂದು ಹಲ್ಲಿನ ಬಣ್ಣದ ಗಟ್ಟಿಮುಟ್ಟಾದ ಕ್ಯಾಪ್‌ಗಳು ಸಿಗುವಾಗ ಬರೀ ಅಂದಕ್ಕಾಗಿ ಚಿನ್ನ ಬೇಕಾಗದು. ಹೆಚ್ಚಿನ ವಿವರಕ್ಕೆ ನಿಮ್ಮ ಊರಿನ ಆಲಿಮರನ್ನು ವಿಚಾರಿಸಿ.

ರಮಝಾನಿನಲ್ಲಿ

ಉಪವಾಸದ ಹಗಲಿನಲ್ಲಿ ಬಾಯಿ ಒಣಗುತ್ತದೆ. ರಾತ್ರಿ ಇಫ್ತಾರಿನಿಂದ ಸಹ್ರಿಯವರೆಗೆ ಶರಬತ್ತು, ಖರ್ಜೂರ, ಸಿಹಿತಿಂಡಿ, ಚಹಾ ಎಂದು ಬಾಯಿ ಆಡುತ್ತಲೇ ಇರುತ್ತದೆ. ಸಹ್ರಿ ಮುಗಿಸಿ ಹಾಗೆಯೇ ಮಲಗಿದರೆ ಆ ಸಿಹಿಯೆಲ್ಲ ಕ್ಯಾಪಿನ ಅಂಚಿನಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಸಹ್ರಿಯ ಊಟ ಸುಬ್‌ಹಿಗೆ ಹತ್ತು ನಿಮಿಷವಾದರೂ ಮೊದಲೇ ಮುಗಿಯಲಿ. ಆ ಸಮಯದಲ್ಲಿ ಪೇಸ್ಟ್ ಹಾಕಿ ಬ್ರಷ್ ಮಾಡಿ. ತರಾವೀಹ್ ಮುಗಿಸಿ ಮಲಗುವ ಮುನ್ನ ಇನ್ನೊಮ್ಮೆ ಬ್ರಷ್ ಮತ್ತು ದಾರ. ಹಗಲಿನಲ್ಲಿ ಮಿಸ್ವಾಕ್ ಇದೆ. ಮಧ್ಯಾಹ್ನದ ನಂತರ ಅದನ್ನು ಬಳಸುವ ವಿಷಯದಲ್ಲಿ ಮದ್ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿರುವುದರಿಂದ ನೀವು ಅನುಸರಿಸುವಂತೆ ಮಾಡಿ.

ಖರ್ಜೂರವನ್ನು ಬೀಜ ತೆಗೆದು, ಎರಡಾಗಿ ಬಿಡಿಸಿ, ಕ್ಯಾಪ್ ಇಲ್ಲದ ಬದಿಯಲ್ಲಿ ಜಗಿಯಿರಿ. ಹಸಿವಿನ ಆತುರದಲ್ಲಿ ಬೀಜ ಕಚ್ಚಿ ಪಿಂಗಾಣಿ ಒಡೆದುಕೊಳ್ಳುವುದು ಸುಲಭ. ಮುಖ ಊದಿಕೊಂಡು ನೋವಿದ್ದರೂ "ಪೆರ್ನಾಲ್ ಕಳೆಯಲಿ" ಎಂದು ಚಿಕಿತ್ಸೆ ಮುಂದೂಡುವುದು ತಪ್ಪು. ರೋಗಿಗೆ ಉಪವಾಸ ಬಿಟ್ಟು ನಂತರ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ.

ಬಿಡಬೇಕಾದ ಅಭ್ಯಾಸಗಳು

ಸ್ಕಾರ್ಫ್ ಕಟ್ಟುವಾಗ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು, ಹೊಲಿಯುವಾಗ ದಾರ ಕಡಿಯುವುದು, ಬಾಟಲಿಯ ಮುಚ್ಚಳ ತೆಗೆಯುವುದು, ಐಸ್ ಜಗಿಯುವುದು, ಅಡಿಕೆ ಕಡಿಯುವುದು, ಬಿರಿಯಾನಿಯ ಮೂಳೆ ಒಡೆಯುವುದು ಇವೆಲ್ಲ ಕ್ಯಾಪಿನ ಶತ್ರುಗಳು. ಮೂಳೆಯ ಒಳಗಿನದು ಬೇಕಿದ್ದರೆ ತಟ್ಟೆಗೆ ಕುಟ್ಟಿ ತೆಗೆಯಿರಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ, ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಜಾಗರೂಕರಾಗಿರಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಬೇಗ ಬರುತ್ತದೆ. ವಸಡು ಕೆಳಗಿಳಿದಂತೆ ಕ್ಯಾಪಿನ ಅಂಚು ಮತ್ತು ಬೇರು ಬಯಲಿಗೆ ಬರುತ್ತವೆ. ಬೇರಿನ ಭಾಗ ಹಲ್ಲಿನ ಮೇಲ್ಭಾಗದಷ್ಟು ಗಟ್ಟಿಯಲ್ಲ, ಅಲ್ಲಿ ಹುಳುಕು ಬೇಗ ಇಳಿಯುತ್ತದೆ.

ಮಕ್ಕಳ ಹಾಲು ಹಲ್ಲಿಗೆ ಹಾಕುವ ಸ್ಟೀಲಿನ ಕ್ಯಾಪ್ ಹಲ್ಲಿನೊಂದಿಗೇ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಅದರ ಸುತ್ತಲೂ ಬ್ರಷ್ ಮಾಡಿಸುವುದು ತಾಯಿ ತಂದೆಯರ ಕೆಲಸ.

ಕ್ಯಾಪ್ ಕಳಚಿ ಬಂದರೆ

ಗಾಬರಿ ಬೇಡ, ಅಸಡ್ಡೆಯೂ ಬೇಡ. ಕ್ಯಾಪನ್ನು ತೊಳೆದು ಸಣ್ಣ ಡಬ್ಬಿಯಲ್ಲಿ ಹಾಕಿಡಿ. ಒಳಗಿನ ಹಲ್ಲು ಗಟ್ಟಿಯಾಗಿದ್ದರೆ ಅದನ್ನೇ ಮತ್ತೆ ಅಂಟಿಸಲು ಸಾಧ್ಯವಾಗಬಹುದು. ಅಂಗಡಿಯಲ್ಲಿ ಸಿಗುವ ಅಂಟಿನಿಂದ ನೀವೇ ಅಂಟಿಸಲು ಹೋಗಬೇಡಿ. ಅದು ಬಾಯಿಗೆ ಹಾಕುವ ವಸ್ತುವಲ್ಲ, ಓರೆಯಾಗಿ ಕೂತರೆ ತೆಗೆಯುವುದೂ ಕಷ್ಟ. ಸಡಿಲವಾಗಿ ಕೂರಿಸಿಕೊಂಡು ಮಲಗಬೇಡಿ, ನಿದ್ದೆಯಲ್ಲಿ ಗಂಟಲಿಗೆ ಹೋಗಬಹುದು. ಒಂದೆರಡು ದಿನಗಳೊಳಗೆ ವೈದ್ಯರನ್ನು ಕಾಣಿ. ಕ್ಯಾಪ್ ನುಂಗಿಹೋದರೆ ಹೆಚ್ಚಾಗಿ ಮಲದ ಮೂಲಕ ಹೊರಗೆ ಹೋಗುತ್ತದೆ. ಆದರೂ ವೈದ್ಯರಿಗೆ ತಿಳಿಸಿ. ಕೆಮ್ಮು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕ್ಯಾಪ್ ಬೀಳುವ ಮೊದಲೇ ಹಲ್ಲು ಕೆಲವು ಸೂಚನೆ ಕೊಡುತ್ತದೆ. ಆಹಾರ ಪ್ರತಿ ಬಾರಿ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುವುದು, ದಾರ ಹಾಕಿದಾಗ ದುರ್ವಾಸನೆ ಬರುವುದು ಅಥವಾ ದಾರ ಹರಿಯುವುದು, ಬುಡದಲ್ಲಿ ರಕ್ತ, ವಸಡಿನ ಮೇಲೆ ಮೊಡವೆಯಂಥ ಗುಳ್ಳೆ, ಕ್ಯಾಪ್ ಸ್ವಲ್ಪವೇ ಅಲುಗಿದಂತಾಗುವುದು. ಇವುಗಳಲ್ಲಿ ಒಂದು ಕಂಡರೂ ನೋವಿಗಾಗಿ ಕಾಯಬೇಡಿ. ಮುಖದ ಊತದೊಂದಿಗೆ ಜ್ವರ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟ ಇದ್ದರೆ ಅದು ತುರ್ತು ಪರಿಸ್ಥಿತಿ, ಅಂದೇ ಆಸ್ಪತ್ರೆಗೆ ಹೋಗಿ.

ಏನೂ ತೊಂದರೆ ಇಲ್ಲದಿದ್ದರೂ 6 ತಿಂಗಳಿಗೊಮ್ಮೆ ತೋರಿಸಿ. ವೈದ್ಯರು ಸೂಚಿಸಿದಾಗ ಕ್ಯಾಪ್ ಇರುವ ಹಲ್ಲಿನ ಎಕ್ಸ್‌ರೇ ತೆಗೆಸಿ. ಕಣ್ಣಿಗೆ ಕಾಣದ ಅಂಚಿನ ಹುಳುಕನ್ನು ಹಲವು ಬಾರಿ ಅದು ತೋರಿಸಿಕೊಡುತ್ತದೆ. ಚೆನ್ನಾಗಿ ನೋಡಿಕೊಂಡರೆ ಕ್ಯಾಪ್ 10ರಿಂದ 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ.

ನೆರೆಮನೆಯ ಆ ತಾಯಿಗೆ ಇನ್ನೊಂದು ಬದಿಯಲ್ಲೂ ಒಂದು ಕ್ಯಾಪ್ ಇದೆ. ಈಗ ಅವರ ಬ್ರಷ್ಷಿನ ಪಕ್ಕದಲ್ಲಿ ಫ್ಲಾಸ್ ದಾರದ ಡಬ್ಬಿಯೂ ಇದೆ. ಇಶಾ ನಮಾಝ್‌ನ ನಂತರ ಮೊಮ್ಮಗಳು ಮೊಬೈಲಿನ ಬೆಳಕು ಹಿಡಿಯುತ್ತಾಳೆ, ಅಜ್ಜಿ ಕನ್ನಡಿ ನೋಡಿಕೊಂಡು ದಾರ ಹಾಕುತ್ತಾರೆ. "ಒಂದನ್ನು ಕಳೆದುಕೊಂಡು ಬುದ್ಧಿ ಕಲಿತೆ" ಎನ್ನುತ್ತಾರೆ. ನಮ್ಮ ದೇಹ ಅಲ್ಲಾಹನು ನಮ್ಮ ಕೈಗೆ ಕೊಟ್ಟಿರುವ ಅಮಾನತ್ತು. ಅದರಲ್ಲಿ ಒಂದು ಪುಟ್ಟ ಹಲ್ಲೂ ಸೇರಿದೆ. ದಿನಕ್ಕೆ ಐದು ನಿಮಿಷ ಅದಕ್ಕಾಗಿ ತೆಗೆದಿಡೋಣ.